ಕೊಬ್ಬು ಆಗಲ್ಲ

ಕೆನೆಯಮ್ಮನ ನಿಜವಾದ ಹೆಸರು ಡೈರಿಯ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ಹೆಸರು ಹಿಡಿದು ಕರೆದರೆ ಅವಳೇ ಹಿಂದೆ ತಿರುಗಿ ಯಾರನ್ನೋ ಹುಡುಕುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಅವಳದು ಒಂದೇ ಕೆಲಸ: ಕ್ಯಾನುಗಳಲ್ಲಿ ಬಂದ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ನೋಡಿ ಹೇಳುವುದು. ಉದ್ದ ಕುತ್ತಿಗೆಯ ಗಾಜಿನ ಕೊಳವೆಗೆ ಮೊದಲು ಆ್ಯಸಿಡ್, ಅದರ ಮೇಲೆ ಹಾಲು, ಕೊನೆಗೆ ಒಂದಿಷ್ಟು ಸ್ಪಿರಿಟ್. ಬಿರಡೆ ಬಿಗಿದು ಟವೆಲಿನಲ್ಲಿ ಸುತ್ತಿ ಕುಲುಕಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹಾಲು ಕಂದುಬಣ್ಣಕ್ಕೆ ತಿರುಗುತ್ತದೆ. ಆಮೇಲೆ ತಿರುಗುವ ಯಂತ್ರದಲ್ಲಿ ಐದು ನಿಮಿಷ ಗರಗರ. ತೆಗೆದು ಬೆಳಕಿಗೆ ಹಿಡಿದರೆ ಹಾಲಿನಲ್ಲಿದ್ದ ಕೊಬ್ಬೆಲ್ಲ ಮೇಲೆದ್ದು ಕುತ್ತಿಗೆಯಲ್ಲಿ ಹಳದಿ ಕಡ್ಡಿಯಂತೆ ನಿಂತಿರುತ್ತದೆ. ಆ ಕಡ್ಡಿ ಎಷ್ಟು ಗೆರೆ ಎತ್ತರವೋ ಅಷ್ಟು ಕೊಬ್ಬು.

ಬೇಕಾದ ಗೆರೆ ಮುಟ್ಟದಿದ್ದರೆ ಅವಳು ಬಾಗಿಲ ಕಡೆ ತಿರುಗಿ ಕೂಗುತ್ತಾಳೆ: “ಏಳನೇ ಕ್ಯಾನು, ಕೊಬ್ಬು ಆಗಲ್ಲ!” ಅಂದರೆ, ಇರುವುದು ಸಾಲದು ಎಂದರ್ಥ. ಆ ಡೈರಿಯಲ್ಲಿ ಈ ಮಾತಿಗೆ ಇರುವುದು ಒಂದೇ ಉತ್ತರ. ಟ್ಯಾಂಕಿನ ಹತ್ತಿರ ನಿಂತವನು ಕೆನೆಯ ಪಾತ್ರೆ ಬಗ್ಗಿಸುತ್ತಾನೆ, ಕಲಕುತ್ತಾನೆ, ಮತ್ತೊಂದು ಲೋಟ ತಂದು ಅವಳ ಮುಂದಿಡುತ್ತಾನೆ. “ಈಗ ಆಯ್ತು” ಎಂದು ಅವಳು ಹೇಳುವ ತನಕ ಇದೇ. ಇಪ್ಪತ್ತೆಂಟು ವರ್ಷ, ದಿನಕ್ಕೆ ಹತ್ತಾರು ಸಲ ಕೂಗಿದ ಮಾತು. ಕೊಬ್ಬು ಆಗದಿದ್ದರೆ ಏನು ಮಾಡಬೇಕು ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವಳು ಹೇಳುತ್ತಿದ್ದಳು: ಕೆನೆ ಹಾಕು.

ಅವಳ ನಾಲಿಗೆಯೂ ಆ ಆ್ಯಸಿಡ್ಡಿನ ಪಕ್ಕದಲ್ಲೇ ಬೆಳೆದದ್ದು. “ಕೊಬ್ಬು ನೋಡಿ ನೋಡಿ ಕೆನೆಯಮ್ಮಂಗೇ ಕೊಬ್ಬು ಏರಿದೆ” ಎಂದು ಕ್ಯಾನು ತೊಳೆಯುವವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಕಿವಿಗೆ ಬಿದ್ದರೂ ಅವಳಿಗೆ ಬೇಸರವಿಲ್ಲ. “ಇರೋರಿಗೆ ಏರುತ್ತೆ ಕಣಯ್ಯಾ, ನಿಂಗ್ಯಾಕೆ ಹೊಟ್ಟೆಕಿಚ್ಚು?” ಎಂದು ನಕ್ಕುಬಿಡುತ್ತಿದ್ದಳು. ಆದರೆ ಅವಳ ಅಳತೆ ತಪ್ಪು ಎಂದು ಯಾರಾದರೂ ಅಂದರೋ, ಮುಗಿಯಿತು. ಅವರ ಏಳು ತಲೆಮಾರನ್ನು ಜಾಲಾಡಿಬಿಡುವಳು. ತಾನು ತಪ್ಪುವವಳಲ್ಲ ಎಂಬ ಆ ಗರ್ವ ಅವಳಿಗೆ ಊಟದಷ್ಟೇ ಅಗತ್ಯವಾಗಿತ್ತು.

ಮನೆ ಡೈರಿಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಉದ್ದಕ್ಕೆ ಕತ್ತಲೆಯ ಓಣಿಯಂಥ ನಡುಮನೆ. ಮಗ ಹಾಲಿನ ಟ್ಯಾಂಕರ್ ಓಡಿಸುವವನು, ಎರಡು ದಿನ ಮನೆಯಲ್ಲಿದ್ದರೆ ನಾಲ್ಕು ದಿನ ರಸ್ತೆಯಲ್ಲಿ. ಸೊಸೆ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸೊಸೆಯೆಂದರೆ ಹೊರಗಿನವಳಲ್ಲ, ಕೆನೆಯಮ್ಮನ ಅಣ್ಣನ ಮಗಳೇ. ಹುಟ್ಟಿದಾಗಿನಿಂದ “ಅತ್ತೆ” ಎಂದು ಕರೆಯುತ್ತಿದ್ದವಳು. ಮದುವೆಯಾದ ಮೇಲೆ ಕರೆಯುವ ಮಾತು ಬದಲಾಗಲಿಲ್ಲ, ದನಿ ಮಾತ್ರ ಸ್ವಲ್ಪ ಬದಲಾಯಿತು. ಇವರ ನಡುವೆ ಏಳು ವರ್ಷದ ಒಬ್ಬ ಮೊಮ್ಮಗಳು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತಿದ್ದರು.

ಮಾತು ಜೋರು, ಮೈ ಮಾತ್ರ ಏನೂ ಇಲ್ಲ. ಎತ್ತಿಕೊಂಡರೆ ಒಣಗಲು ಹಾಕಿದ ಬಟ್ಟೆ ಎತ್ತಿಕೊಂಡ ಹಾಗೆ. ಎದೆಹಾಲು ಕುಡಿಯುತ್ತಿದ್ದ ಕಾಲದಿಂದಲೂ ಹೊಟ್ಟೆ ಸರಿಯಿಲ್ಲ. ದಿನಕ್ಕೆ ನಾಲ್ಕೈದು ಸಲ ಭೇದಿ, ಬಿಳಿಚಿಕೊಂಡು ಜಿಡ್ಡುಜಿಡ್ಡಾಗಿ, ಎಷ್ಟು ನೀರು ಸುರಿದರೂ ಹೋಗದೆ ತೇಲುವಂಥದ್ದು. ಬೀದಿಯ ಡಾಕ್ಟರುಗಳೆಲ್ಲ ಜಂತುಹುಳುವಿನ ಔಷಧ ಕೊಟ್ಟು ಕೊಟ್ಟು ಸುಸ್ತಾದರು. ಬೆಳೆಯುವ ಮಕ್ಕಳು ಹೀಗೇ ಎಂದು ಮನೆಯವರೂ ಸುಮ್ಮನಾಗಿದ್ದರು.

ಒಂದು ಸಂಜೆ ನಡೆದದ್ದು ಇದು. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಸೊಸೆ ಕೆಲಸದಿಂದ ಬಂದಿರಲಿಲ್ಲ. ಕೆನೆಯಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಮಂದ ಬಲ್ಬು ನಿಜ, ಆದರೆ ಬೆಳ್ಳುಳ್ಳಿಯ ಸಿಪ್ಪೆ ಕಾಣುವಷ್ಟು ಬೆಳಕು ಖಂಡಿತ ಇತ್ತು. ಚಿನಕುರಳಿ ಬಚ್ಚಲಿನಿಂದ ಬಂದಳು. ನಡುಮನೆಯ ಮಧ್ಯಕ್ಕೆ ಬಂದು ನಿಂತಳು. ಕಾಲು ಅಗಲ ಮಾಡಿ, ದೋಣಿಯಲ್ಲಿ ನಿಂತವರ ಹಾಗೆ ಸ್ವಲ್ಪ ಓಲಾಡುತ್ತ, ಎರಡೂ ಕೈ ಮುಂದೆ ಚಾಚಿ ನಿಂತಳು.

“ದೀಪ ಯಾಕೆ ಆರಿಸಿದ್ರಿ?” ಅಂದಳು.

ಕೆನೆಯಮ್ಮನ ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗೆ ಬಿತ್ತು. ಬಲ್ಬು ಉರಿಯುತ್ತಿದೆ, ಮಗುವಿನ ಕಣ್ಣು ಅಗಲವಾಗಿ ತೆರೆದಿದೆ, ಮೂರು ಮಾರು ದೂರದಲ್ಲಿ ತಾನು ಕೂತಿದ್ದೇನೆ. ಇದಿಷ್ಟಕ್ಕೇ ಅವಳು ಹೆದರಲಿಲ್ಲ. ಇದೇ ಮಾತನ್ನು, ಇದೇ ಹೊತ್ತಿನಲ್ಲಿ, ಹೀಗೇ ಕೈ ಚಾಚಿ ನಿಂತು ಕೇಳಿದವನೊಬ್ಬನಿದ್ದ. ಅವನು ಸತ್ತು ಐವತ್ತು ವರ್ಷವಾಗಿತ್ತು.

ಅವನು ಕೆನೆಯಮ್ಮನ ತಮ್ಮ, ಗುಬ್ಬಿ. ಬಡಕಲು ಮೈಗೆ ಬಂದ ಅಡ್ಡಹೆಸರು. ಅವನ ಒಂದು ಫೋಟೋ ಕೂಡ ಉಳಿದಿಲ್ಲ. ಅಪ್ಪ, ಅಮ್ಮ, ಮೂರು ವರ್ಷದ ಹಿಂದೆ ಅಣ್ಣ, ಹೀಗೆ ಅವನನ್ನು ಕಂಡವರೆಲ್ಲ ಹೊರಟುಹೋಗಿ, ಭೂಮಿಯ ಮೇಲೆ ಅವನನ್ನು ಬಲ್ಲವಳು ಕೆನೆಯಮ್ಮ ಒಬ್ಬಳೇ. ಅವಳು ಅವನ ಹೆಸರನ್ನು ಯಾರ ಮುಂದೆಯೂ ಎತ್ತಿದವಳಲ್ಲ, ಗಂಡನ ಮುಂದೆ ಕೂಡ. ಅದಕ್ಕೆ ಕಾರಣ ಇತ್ತು. ಆಗ ಮನೆಯಲ್ಲಿ ಎಂಟು ದಿನಕ್ಕೊಮ್ಮೆ ಮಕ್ಕಳಿಗೆ ಕೆನೆ ಸಿಗುತ್ತಿತ್ತು, ತಲೆಗೊಂದು ಚಮಚ. ಗುಬ್ಬಿ ತನ್ನ ಪಾಲನ್ನು ಮೂಸಿ ನೋಡಿ ಮುಖ ಕಿವುಚಿ, “ಅಕ್ಕಾ, ನೀನೇ ತಿನ್ನೇ, ಅಮ್ಮಂಗೆ ಹೇಳ್ಬೇಡ” ಎನ್ನುತ್ತಿದ್ದ. ಇವಳು ತಿನ್ನುತ್ತಿದ್ದಳು. ಬೇಡ ಅನ್ನುವಷ್ಟು ದೊಡ್ಡ ಮನಸ್ಸು ಎಂಟು ವರ್ಷದ ಯಾವ ಹುಡುಗಿಗೆ ಇರುತ್ತದೆ, ಹೇಳಿ? ಅವನು ಏಳನೇ ವಯಸ್ಸಿಗೆ ಓಲಾಡತೊಡಗಿದ. ದೀಪ ಹಚ್ಚಿಟ್ಟಿದ್ದರೂ ಯಾಕೆ ಆರಿಸಿದಿರಿ ಎಂದು ಕೇಳತೊಡಗಿದ. ಒಂದು ಮುಸ್ಸಂಜೆ ಅಂಗಳ ದಾಟಿ ನೆಟ್ಟಗೆ ನಡೆದು ನೀರಿನ ತೊಟ್ಟಿಯೊಳಕ್ಕೆ ಹೋದ.

“ಮೈಯಲ್ಲಿ ತ್ರಾಣ ಇರಲಿಲ್ಲ ನನ್ನ ಕಂದಂಗೆ. ನಾಲ್ಕು ಚಮಚ ಕೆನೆ ಅವನ ಹೊಟ್ಟೆಗೆ ಹೋಗಿದ್ದಿದ್ರೆ ಉಳೀತಿದ್ದ” ಎಂದು ಅಮ್ಮ ಸಾಯುವವರೆಗೂ ಹಲುಬಿದಳು. ಆ ನಾಲ್ಕು ಚಮಚ ಯಾರ ಹೊಟ್ಟೆಗೆ ಹೋಗಿತ್ತು ಎಂಬುದು ಅಮ್ಮನಿಗೆ ಗೊತ್ತಿರಲಿಲ್ಲ. ತಿಂದವಳಿಗೆ ಗೊತ್ತಿತ್ತು. ಐವತ್ತು ವರ್ಷ ಅದನ್ನು ಅವಳು ಬಾಯಿ ಬಿಡದೆ ಹೊತ್ತಳು.

ಆ ಸಂಜೆಯ ಮಾತು ಕೇಳಿದ ಮೇಲೆ ಕೆನೆಯಮ್ಮನೇ ಹಟ ಹಿಡಿದು ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ಹಾಗೆ ಮಾಡಿದಳು. ಗುಬ್ಬಿಯ ಸುದ್ದಿ ಮಾತ್ರ ಅಲ್ಲೂ ಎತ್ತಲಿಲ್ಲ. ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಸಮಾಧಾನದವರು. ಮಗುವನ್ನು ಮಂಚದ ಅಂಚಿನಲ್ಲಿ ಕೂರಿಸಿ ಪುಟ್ಟ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಯಾರಿಗೆ ತಟ್ಟಿದರೂ ಕಾಲು ಛಕ್ಕನೆ ಮೇಲೆ ಹಾರುತ್ತದೆ. ಇವಳದು ಹಾರಲಿಲ್ಲ. ಮತ್ತೆ ತಟ್ಟಿದರು, ಇನ್ನೊಂದಕ್ಕೆ ತಟ್ಟಿದರು. ಎರಡು ಕಾಲೂ ಯಾರದೋ ಎಂಬ ಹಾಗೆ ನೇತಾಡುತ್ತಿದ್ದವು. “ಇನ್ನೂ ಜೋರಾಗಿ ಹೊಡೀರಿ, ನಂಗೇನೂ ಆಗಲ್ಲ” ಎಂದು ಚಿನಕುರಳಿ ನಕ್ಕಳು. ಡಾಕ್ಟರು ನಗಲಿಲ್ಲ.

ರಕ್ತ ತೆಗೆದರು. ಅದನ್ನು ಗಾಜಿನ ಮೇಲೆ ಸವರಿ ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸಿದರು. ರಕ್ತದ ಕಣ ದುಂಡಗೆ ನುಣ್ಣಗೆ ಇರಬೇಕಂತೆ. ಇವಳ ಒಂದೊಂದು ಕಣಕ್ಕೂ ಸುತ್ತ ಮುಳ್ಳು. ಪರದೆಯ ತುಂಬ ಮುಳ್ಳುಕಾಯಿಗಳು ಒಂದಕ್ಕೊಂದು ತಾಗದೆ ತೇಲುತ್ತಿದ್ದವು. ಇನ್ನೊಂದು ದಿನ ಮಗುವಿಗೆ ನಿದ್ದೆ ಬರಿಸಿ ಬಾಯಿಂದ ಸಣ್ಣ ಕ್ಯಾಮೆರಾ ಇಳಿಸಿ ಕರುಳನ್ನು ನೋಡಿದರು. ಕೆಂಪಗಿರಬೇಕಾದ ಕರುಳು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಬದುಕಿರುವ ಮಗುವಿನ ಒಳಗೆ ಇಂಥ ಬಿಳುಪು ಇರುತ್ತದೆಯೇ ಎಂದು ಕೆನೆಯಮ್ಮ ಆ ಚಿತ್ರದಿಂದ ಕಣ್ಣು ಕಿತ್ತುಕೊಂಡಳು.

ಎಲ್ಲ ಗೊತ್ತಾದ ದಿನ ಮಗ ರಸ್ತೆಯಲ್ಲಿದ್ದ. ಸೊಸೆ ರಿಪೋರ್ಟು ತರಲು ಕೆಳಗೆ ಹೋಗಿದ್ದಳು. ಕೋಣೆಯಲ್ಲಿ ಕೆನೆಯಮ್ಮ, ಮಗು, ಡಾಕ್ಟರು, ಮೂವರೇ.

“ಅಮ್ಮಾ, ಏನು ಅಂತ ಗೊತ್ತಾಯ್ತು” ಅಂದರು ಡಾಕ್ಟರು. “ಈ ಮಗೂಗೆ ಕೊಬ್ಬು ಆಗಲ್ಲ. ಹುಟ್ಟಿದಾಗಿನಿಂದ ಇರೋದು. ಅಪರೂಪದ ಕಾಯಿಲೆ, ಮನೆತನದಲ್ಲಿ ಬರುತ್ತೆ.”

ಡಾಕ್ಟರು ಹೇಳಿದ್ದು, ಒಬ್ಬರಿಗೆ ಧೂಳು ಆಗಲ್ಲ, ಇನ್ನೊಬ್ಬರಿಗೆ ಹೊಗೆ ಆಗಲ್ಲ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಕೆನೆಯಮ್ಮ ಕೇಳಿಸಿಕೊಂಡದ್ದು ಡೈರಿಯ ಬಾಗಿಲಲ್ಲಿ ನಿಂತು. ಏಳನೇ ಕ್ಯಾನು, ಕೊಬ್ಬು ಆಗಲ್ಲ. ಅವಳಿಗೆ ಅಳು ಬಂತು, ಆದರೆ ಅದು ಸಮಾಧಾನದ ಅಳು. ಇಷ್ಟೇ ತಾನೇ? ಇದಕ್ಕೆ ಏನು ಮಾಡಬೇಕು ಎಂದು ತನಗಿಂತ ಚೆನ್ನಾಗಿ ಬಲ್ಲವರು ಯಾರು?

ಅಷ್ಟರಲ್ಲಿ ಸೊಸೆ ಬಂದಳು. ಮಗು ಗಲಾಟೆ ಮಾಡುತ್ತದೆಂದು ಕೆನೆಯಮ್ಮ ಅದನ್ನು ಕರೆದುಕೊಂಡು ಹೊರಗಿನ ಬೆಂಚಿಗೆ ಹೋದಳು. ಒಳಗೆ ಡಾಕ್ಟರು ಸೊಸೆಗೆ ಅರ್ಧ ಗಂಟೆ ವಿವರಿಸಿದರು. ತಿಂದ ಕೊಬ್ಬು ಕರುಳಿನ ಗೋಡೆಯವರೆಗೆ ಬರುತ್ತದೆ, ಅಲ್ಲಿಂದ ರಕ್ತಕ್ಕೆ ಹೊತ್ತು ಸಾಗಿಸುವ ವಾಹನವೇ ಇವಳ ಮೈಯಲ್ಲಿ ತಯಾರಾಗುವುದಿಲ್ಲ. ಅದಕ್ಕೇ ಗೋಡೆ ಬೆಳ್ಳಗಿರುವುದು. ಉಳಿದದ್ದು ಭೇದಿಯಾಗಿ ಹೋಗುತ್ತದೆ, ಹೋಗುವಾಗ ಕಣ್ಣಿಗೂ ನರಗಳಿಗೂ ಬೇಕಾದ ವಿಟಮಿನ್ನುಗಳನ್ನು ಎಳೆದುಕೊಂಡೇ ಹೋಗುತ್ತದೆ. ಆದ್ದರಿಂದ ಬೆಣ್ಣೆ, ಕೆನೆ, ಕರಿದದ್ದು ಏನೂ ಬೇಡ. ದಿನಕ್ಕೆ ಒಂದು ಸಣ್ಣ ಚಮಚ ಎಣ್ಣೆ ಸಾಕು. ವಿಟಮಿನ್ ಹನಿಗಳನ್ನು ಜೀವನಪೂರ್ತಿ, ಹೆಚ್ಚಿನ ಪ್ರಮಾಣದಲ್ಲಿ. ಹೋದ ದೃಷ್ಟಿ ವಾಪಸು ಬರುವುದು ಕಷ್ಟ, ಇರುವ ಕಣ್ಣು ಇರುವ ಕಾಲು ಉಳಿಯಬೇಕಾದರೆ ಒಂದು ದಿನವೂ ತಪ್ಪಬಾರದು. ಅಪ್ಪನ ಕಡೆಯಿಂದ ಒಂದು ಪಾಲು, ಅಮ್ಮನ ಕಡೆಯಿಂದ ಒಂದು ಪಾಲು ಸೇರಿದರೆ ಮಾತ್ರ ಬರುವ ಕಾಯಿಲೆ ಇದು. ನಿಮ್ಮಲ್ಲಿ ಎರಡೂ ಒಂದೇ ಮನೆಯವು ಎಂದರು.

ಸೊಸೆ ಮನೆಗೆ ಬಂದವಳೇ ಎಣ್ಣೆಯ ಬಾಟಲಿಯನ್ನು ಅಟ್ಟದ ಮೇಲಿಟ್ಟಳು.

“ಏನೇ ಇದು? ಡಾಕ್ಟರು ಕೊಬ್ಬು ಆಗಲ್ಲ ಅಂದ್ರೆ, ನೀನು ಇರೋದನ್ನೂ ಎತ್ತಿಡ್ತೀಯಲ್ಲ!” ಎಂದಳು ಕೆನೆಯಮ್ಮ.

“ಆಗಲ್ಲ ಅಂದ್ರೆ ಒಗ್ಗಲ್ಲ ಅಂತ, ಅತ್ತೆ. ಕೊಡಬಾರದು.”

“ನಂಗೇ ಮಾತು ಹೇಳಿಕೊಡ್ತೀಯಾ? ನನ್ನ ಕಿವಿಯಾರೆ ಕೇಳಿದೀನಿ. ಕೊಬ್ಬು ಕೂಡಲ್ಲ, ಸಾಲಲ್ಲ ಅಂತ ಅದು. ಮಗು ಮೈ ನೋಡು, ಎಲುಬು ಎಣಿಸಬಹುದು. ಅದಕ್ಕೆ ಎಣ್ಣೆ ನಿಲ್ಲಿಸ್ತಾಳಂತೆ!”

“ಅತ್ತೆ, ಕೈ ಮುಗೀತೀನಿ. ಅವಳ ಕಣ್ಣಿನ ವಿಷಯ.”

“ನಂಗೇನು ಅವಳ ಕಣ್ಣು ಬೇಡವಾ?”

ಸೊಸೆ ಉತ್ತರ ಕೊಡದೆ ಅಡುಗೆಮನೆಗೆ ಹೋದಳು. ಅವಳು ಎದುರುತ್ತರ ಕೊಟ್ಟು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಮ್ಮನಾದದ್ದನ್ನು ಕೆನೆಯಮ್ಮ ಸೋತದ್ದೆಂದು ತಿಳಿದಳು. ಇಪ್ಪತ್ತೆಂಟು ವರ್ಷ ಕೊಬ್ಬು ಅಳೆದವಳಿಗೆ ನಿನ್ನೆ ಮೊನ್ನೆ ಸೂಜಿ ಹಿಡಿದವಳು ಪಾಠ ಹೇಳುವುದೇ?

ಮರುದಿನದಿಂದಲೇ ಶುರುವಾಯಿತು. ಡೈರಿಯಿಂದ ಬರುವಾಗ ಸೀರೆಯ ಮಡಿಕೆಯಲ್ಲಿ ಪುಟ್ಟ ಸ್ಟೀಲ್ ಡಬ್ಬಿ, ಅದರ ತುಂಬ ಗಟ್ಟಿ ಕೆನೆ. ಮಗು ಶಾಲೆಯಿಂದ ಬರುವುದು ಮೂರಕ್ಕೆ, ಸೊಸೆ ಬರುವುದು ಏಳಕ್ಕೆ. ನಡುವಿನ ಹೊತ್ತು ಅಜ್ಜಿ ಮೊಮ್ಮಗಳದು. ಕೆನೆಗೆ ಸಕ್ಕರೆ ಕಲಸಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದೊಂದೇ ಚಮಚ. ಮೊದಲ ದಿನ ಮಗು ಮೂಸಿ ನೋಡಿ ಮುಖ ಕಿವುಚಿತು. ಅದೇ ಮೂಗು, ಅದೇ ಕಿವುಚು.

“ಬೇಡ ಅನ್ಬೇಡ್ವೋ” ಎಂದಳು ಕೆನೆಯಮ್ಮ, ತನಗೇ ತಿಳಿಯದೆ. “ತಿನ್ನೋ ಗುಬ್ಬಿ. ಇದು ನಿಂದೇ. ನಿಂಗೇ ಸೇರಬೇಕಾದ್ದು.” ಕಣ್ಣಿಂದ ನೀರು ಇಳಿಯುತ್ತಿತ್ತು. ಮಗು ಬಾಯಿ ತೆರೆಯಿತು.

“ಗುಬ್ಬಿ ಯಾರಜ್ಜಿ?”

“ನನ್ನ ತಮ್ಮ. ಪಾಪ, ಹಸ್ಕೊಂಡೇ ಹೋದ. ಅಮ್ಮಂಗೆ ಹೇಳ್ಬೇಡ, ಆಯ್ತಾ?”

ಚಿನಕುರಳಿ ತಲೆಯಾಡಿಸಿದಳು. ಲೋಕದ ಸುದ್ದಿಯನ್ನೆಲ್ಲ ಒದರುವ ಮಗು ಇದೊಂದನ್ನು ಯಾರಿಗೂ ಹೇಳಲಿಲ್ಲ. ಹತ್ತು ದಿನ ಕಳೆದಿರಬೇಕು, ಕೆನೆಯಮ್ಮ ಡೈರಿಯಿಂದ ದಣಿದು ಬಂದು ಕಣ್ಣು ಮುಚ್ಚಿ ಒರಗಿದ್ದಳು. ಕಿವಿಯ ಹತ್ತಿರ ಸಣ್ಣ ದನಿ: “ಅಕ್ಕಾ, ಹಸಿವಾಗ್ತಿದೆ.” ಕಣ್ಣು ಬಿಟ್ಟರೆ ಮೊಮ್ಮಗಳು. ಅಜ್ಜಿ ಅನ್ನಲಿಲ್ಲ, ಅಕ್ಕ ಅಂದಿತ್ತು. ಕೆನೆಯಮ್ಮನಿಗೆ ಹೆದರಿಕೆಯ ಜೊತೆಗೇ ಒಂದು ಸಂತೋಷವೂ ಆಯಿತು. ಬಂದಿದ್ದಾನೆ ಎಂದುಕೊಂಡಳು. ತನ್ನ ಪಾಲು ಕೇಳಿಕೊಂಡು ಬಂದಿದ್ದಾನೆ. ಅವತ್ತು ಎರಡು ಚಮಚ ಹೆಚ್ಚು ಹಾಕಿದಳು.

ಆಮೇಲಿನ ಸಂಜೆಗಳು ಆ ಮನೆಯಲ್ಲಿ ಬೇರೆಯೇ ಆದವು. ಮುಸ್ಸಂಜೆಯಾಗುತ್ತಿದ್ದಂತೆ ಮಗುವಿನ ಮಾತು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಗೋಡೆ ಸವರುತ್ತ ಹೋಗುವ ಬೆರಳುಗಳ ಸದ್ದು ಮಾತ್ರ ಕೇಳುತ್ತಿತ್ತು, ಸರ್, ಸರ್ ಎಂದು. “ಎಲ್ಲಾ ಎಲ್ಲಿ ಹೋದ್ರಿ?” ಎನ್ನುತ್ತಿತ್ತು, ಎದುರಿಗೇ ಕೂತವರನ್ನು. ಒಂದು ದಿನ ಕೆನೆಯಮ್ಮ ಅಡುಗೆಮನೆಯಿಂದ ಬಂದು ನೋಡುತ್ತಾಳೆ, ಮಗು ಮೂಲೆಗೆ ಮುಖ ಮಾಡಿ ನಿಂತು ಶಾಲೆಯ ಕಥೆಯನ್ನೆಲ್ಲ ಹೇಳುತ್ತಿದೆ. ಮೂಲೆಯಲ್ಲಿದ್ದದ್ದು ಗೂಟಕ್ಕೆ ನೇತುಹಾಕಿದ ಮಗನ ಕೋಟು. ಮಗು ಅದರ ತೋಳು ಹಿಡಿದುಕೊಂಡಿತ್ತು. ಮಾತು ಮುಗಿಸಿ, ಕೋಟಿನ ಕಡೆ ಕಿವಿಯಿಟ್ಟು, “ಹೂಂ” ಎಂದು ತಲೆಯಾಡಿಸಿತು. ಕೆನೆಯಮ್ಮ ಬಾಗಿಲಲ್ಲೇ ನಿಂತಳು. ಕರೆಯಲು ಅವಳಿಗೆ ಧೈರ್ಯ ಬರಲಿಲ್ಲ. ಕರೆದರೆ ತಿರುಗುವವರು ಯಾರು ಎಂಬ ಭಯ ಅವಳಿಗೆ.

ಸೊಸೆಯಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಹನಿಗಳನ್ನು ಗಡಿಯಾರ ನೋಡಿ ಕೊಟ್ಟಳು, ಎಣ್ಣೆಯನ್ನು ಚಮಚದಲ್ಲಿ ಅಳೆದಳು, ತಾನೂ ಗಂಡನೂ ಕರಿದದ್ದು ಬಿಟ್ಟರು. ಆದರೂ ಭೇದಿ ನಿಲ್ಲಲಿಲ್ಲ. ಐದು ತಿಂಗಳಿಗೆ ಮಗು ಮೆಟ್ಟಿಲಿಳಿಯಲು ಎರಡೂ ಕೈ ಹಿಡಿಯಬೇಕಾಯಿತು. ಕಣ್ಣಿನ ಡಾಕ್ಟರು ನೋಡಿ, ನೋಟದ ಅಂಚುಗಳು ಇನ್ನೂ ಒಳಕ್ಕೆ ಸರಿದಿವೆ, ಔಷಧ ಯಾಕೋ ಹಿಡಿಯುತ್ತಿಲ್ಲ ಅಂದರು. ಸೊಸೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಕೆನೆಯಮ್ಮನಿಗೆ ಕೇಳಿಸಿತು. ‘ನೀನು ಅಳು, ನಾನು ಉಳಿಸ್ತೀನಿ’ ಎಂದುಕೊಂಡು ಮರುದಿನ ದೊಡ್ಡ ಡಬ್ಬಿ ತಂದಳು.

ಮಕ್ಕಳ ಡಾಕ್ಟರು ಮತ್ತೆ ಕರೆಸಿದರು. ಮಲ ಪರೀಕ್ಷೆ ಮಾಡಬೇಕು, ಬೆಳಗ್ಗೆಯದನ್ನು ಡಬ್ಬಿಯಲ್ಲಿ ತನ್ನಿ ಎಂದಿದ್ದರು. ಸೊಸೆ ಮಗುವಿನ ಜೊತೆ ಒಳಗೆ ಕೂತಳು, ಲ್ಯಾಬಿಗೆ ಕೊಟ್ಟು ಬರುವ ಕೆಲಸ ಕೆನೆಯಮ್ಮನದಾಯಿತು. ಲ್ಯಾಬಿನ ಕಿಟಕಿ ಅರ್ಧ ತೆರೆದಿತ್ತು. ಅವಳು ಕೊಟ್ಟು ಅಲ್ಲೇ ನಿಂತಳು. ಒಳಗಿನವನು ಕೈಗವಸು ಹಾಕಿಕೊಂಡು ಅದನ್ನು ನೀರಿನಲ್ಲಿ ಕಲಕಿದ. ಆಮೇಲೆ ಒಂದು ಬಾಟಲಿ ತೆಗೆದು ಹನಿ ಹಾಕಿದ. ಆ್ಯಸಿಡ್ಡಿನ ವಾಸನೆ ಅವಳ ಮೂಗಿಗೆ ಗೊತ್ತಿಲ್ಲದ್ದೇ? ಕೆನೆಯಮ್ಮ ಕಿಟಕಿಗೆ ಇನ್ನಷ್ಟು ಹತ್ತಿರ ಬಂದಳು. ಅವನು ಸಣ್ಣ ಗಾಜಿನ ಕೊಳವೆಗೆ ಅದನ್ನು ಎಳೆದುಕೊಂಡು, ತುದಿ ಮುಚ್ಚಿ, ಯಂತ್ರದಲ್ಲಿಟ್ಟು ತಿರುಗಿಸಿದ. ಗರಗರ. ತೆಗೆದು ಬೆಳಕಿಗೆ ಹಿಡಿದ.

ಅವನು ಗೆರೆ ಓದುವ ಮೊದಲೇ ಅವಳು ಓದಿಬಿಟ್ಟಳು. ಕೊಳವೆಯ ಮೇಲೆ ಕೊಬ್ಬಿನ ಪದರ ಎದ್ದು ನಿಂತಿತ್ತು, ಇಷ್ಟೆತ್ತರಕ್ಕೆ. ಅಂಥ ಎತ್ತರ ಅವಳು ಕೆನೆಯಲ್ಲಿ ಮಾತ್ರ ಕಂಡಿದ್ದಳು, ಹಾಲಿನಲ್ಲಿ ಎಂದೂ ಕಂಡಿರಲಿಲ್ಲ.

“ಅದು... ಅದು ಒಳಗೆ ಹೋಗೇ ಇಲ್ವಾ?” ಎಂದಳು.

“ಒಂಚೂರೂ ಹೋಗಿಲ್ಲ ಅಮ್ಮ. ತಿಂದಿದ್ದೆಲ್ಲ ಇಲ್ಲೇ ಇದೆ” ಎಂದ ಅವನು, ಡಾಕ್ಟರ ಚೀಟಿ ನೋಡಿ ಬರೆದುಕೊಳ್ಳುತ್ತ. “ಈ ಮಗೂಗೆ ಕೊಬ್ಬು ಆಗಲ್ವಲ್ಲ, ಗೊತ್ತಿಲ್ವಾ? ಯಾರು ಇಷ್ಟೊಂದು ಕೊಟ್ಟೋರು?”

ಕೆನೆಯಮ್ಮ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಡಾಕ್ಟರು ಹೇಳಿದ್ದು, ಸೊಸೆ ಹೇಳಿದ್ದು, ಎರಡೂ ಈಗ ಒಂದೇ ಮಾತಾಗಿ ಕೇಳಿಸಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಗುಬ್ಬಿ ಚಮಚವನ್ನು ದೂಡಿದ್ದು ಅಕ್ಕನ ಮೇಲಿನ ಪ್ರೀತಿಗಲ್ಲ. ಅವನ ಮೈಗೆ ಗೊತ್ತಿತ್ತು. ಕೆನೆ ತಿಂದು ಅವಳು ಅವನಿಗೆ ಯಾವ ಅನ್ಯಾಯವನ್ನೂ ಮಾಡಿರಲಿಲ್ಲ. ಆ ಮನೆಯಲ್ಲಿ ಅವನಿಗೆ ಉಪಕಾರ ಮಾಡಿದವಳು ಅವಳೊಬ್ಬಳೇ. ಐವತ್ತು ವರ್ಷ ಹೊತ್ತ ಪಾಪ ಅವಳದಾಗಿರಲಿಲ್ಲ. ಇಲ್ಲದ ಆ ಪಾಪವನ್ನು ತೊಳೆಯಲು ಹೋಗಿ ಈ ಐದು ತಿಂಗಳಲ್ಲಿ ತನ್ನ ಕೈಯಾರೆ ಒಂದನ್ನು ಮಾಡಿಟ್ಟಿದ್ದಳು. ಅಯ್ಯೋ ದೇವರೇ!

ಅವಳು ವಾಪಸು ಬರುವಷ್ಟರಲ್ಲಿ ಲ್ಯಾಬಿನವನ ಫೋನು ಬಂದಾಗಿತ್ತು, ಡಾಕ್ಟರ ಕೋಣೆಯಲ್ಲಿ ಸೊಸೆ ಆಣೆ ಇಡುತ್ತಿದ್ದಳು. “ನಾನು ಕೊಟ್ಟಿಲ್ಲ ಮೇಡಂ, ಶಾಲೇಲಿ ಯಾರಾದ್ರೂ ಕೊಡ್ತಿರಬೇಕು, ವಿಚಾರಿಸ್ತೀನಿ.” ಡಾಕ್ಟರು ಅನುಮಾನದಿಂದ ನೋಡುತ್ತಿದ್ದರು. ಇನ್ನೊಂದು ಕ್ಷಣ ತಡೆದಿದ್ದರೆ ತಪ್ಪು ಸೊಸೆಯ ತಲೆಗೆ ಬೀಳುತ್ತಿತ್ತು. ಕೆನೆಯಮ್ಮ ಬಾಗಿಲಲ್ಲೇ ನಿಂತು ಹೇಳಿದಳು: “ನಾನು. ದಿನಾ ನಾನೇ ಕೊಟ್ಟೆ. ಕೆನೆ.” ಗುಬ್ಬಿಯ ಕಥೆಯನ್ನೂ ಹೇಳಿದಳು, ಓಲಾಡಿದ್ದು, ದೀಪ ಕೇಳಿದ್ದು, ತೊಟ್ಟಿ, ಎಲ್ಲ. ಡಾಕ್ಟರು ತಲೆ ತಗ್ಗಿಸಿ ಬರೆದುಕೊಂಡರು. “ಇದನ್ನ ಮೊದಲೇ ಹೇಳಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು.

“ಈಗ ನಿಲ್ಲಿಸಿದ್ರೆ?” ಸೊಸೆ ಕೇಳಿದಳು. ಅತ್ತೆಯ ಕಡೆ ಅವಳು ತಿರುಗಲೇ ಇಲ್ಲ.

“ಇರೋದು ಉಳಿಯುತ್ತೆ. ಹಗಲು ಹೊತ್ತು ಚೆನ್ನಾಗೇ ಕಾಣುತ್ತೆ, ಓದಬಹುದು. ನಡಿಗೆ ಸ್ವಲ್ಪ ಸುಧಾರಿಸಬಹುದು. ಆದ್ರೆ ಈ ಐದು ತಿಂಗಳಲ್ಲಿ ಹೋದ ದೃಷ್ಟಿ ಹೋಯ್ತು.”

ಮನೆಗೆ ಬಂದ ಮೇಲೂ ಸೊಸೆ ಕೂಗಾಡಲಿಲ್ಲ. ಮಗುವಿನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿದಳು. “ನಾಳೆಯಿಂದ ಶಾಲೆ ಬಿಟ್ಟ ಮೇಲೆ ನಮ್ಮಮ್ಮನ ಮನೇಲಿ ಇರ್ತಾಳೆ” ಅಂದಳು. ಚೀಲದ ಬಾಯಿ ಕಟ್ಟಿ, “ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೂ ನಂಗೆ ಶಕ್ತಿ ಇಲ್ಲ, ಅತ್ತೆ” ಎಂದು ಒಳಗೆ ಹೋದಳು. ಕೆನೆಯಮ್ಮ ಒಪ್ಪಿಕೊಂಡಳು. ಒಪ್ಪದೆ ಇನ್ನೇನು ಮಾಡಿಯಾಳು?

ಹೊರಗೆ ಬೆಳಕು ಇಳಿಯುತ್ತಿತ್ತು. ಚಿನಕುರಳಿ ನಡುಮನೆಯ ಚಾಪೆಯ ಮೇಲೆ ಕೂತಿದ್ದಳು. ಕೆನೆಯಮ್ಮ ಅವಳ ಎದುರು ಕೂತು ಎರಡೂ ಕೈ ಹಿಡಿದುಕೊಂಡಳು.

“ಇನ್ಮೇಲೆ ಕೆನೆ ಇಲ್ಲ ಮರಿ. ಅದು ನಿಂಗೆ ಆಗಿಬರಲ್ಲ. ನಾನು ತಪ್ಪು ಮಾಡಿದೆ.”

“ನಂಗೊತ್ತು” ಎಂದಿತು ಮಗು. “ತಿಂದ ಮೇಲೆ ಹೊಟ್ಟೆ ತುಂಬಾ ನೋಯ್ತಿತ್ತು.”

“ಹೇಳಬಾರದಿತ್ತೇನೇ? ಬೇಡ ಅನ್ನಬಾರದಿತ್ತಾ?”

“ಬೇಡ ಅಂದಾಗ ನೀನು ಅಳ್ತಿದ್ದೆಯಲ್ಲ. ಗುಬ್ಬಿ ಆದ್ರೆ ನೀನು ನಗ್ತಿದ್ದೆ, ತೊಡೆ ಮೇಲೆ ಕೂರಿಸ್ಕೊಳ್ತಿದ್ದೆ. ಅದಕ್ಕೇ ಅಕ್ಕ ಅಂತ ಕರೆದೆ. ನಾನು ಅವನಲ್ಲ ಅಂದ್ರೆ ನೀನು ನನ್ನ ಹತ್ರ ಕೂರಲ್ಲ ಅನ್ಕೊಂಡೆ.”

ಕೆನೆಯಮ್ಮನ ಕೈ ತಾನಾಗಿ ಸಡಿಲವಾಯಿತು. ಮಗು ಎದ್ದು, ಗೋಡೆ ಸವರಿಕೊಂಡು ಅಮ್ಮನ ಕೋಣೆಯ ಕಡೆ ಹೊರಟಿತು. ಕೋಣೆ ಬಲಕ್ಕಿತ್ತು, ಅದು ಎಡಕ್ಕೆ ಹೋಗುತ್ತಿತ್ತು.

“ಚಿನಕುರಳೀ” ಎಂದು ಕೆನೆಯಮ್ಮ ಕರೆದಳು. ದನಿ ಒಡೆದು ಯಾರದೋ ದನಿಯ ಹಾಗಿತ್ತು.

ಮಗು ನಿಂತಿತು. ದನಿ ಬಂದ ಕಡೆ ತಿರುಗದೆ, ಯಾರೂ ಇಲ್ಲದ ಮೂಲೆಯ ಕಡೆ ಮುಖ ಮಾಡಿತು.

“ಯಾರನ್ನ ಕರೆದೆ ಅಜ್ಜಿ?” ಎಂದಿತು. “ಅವನನ್ನಾ, ನನ್ನನ್ನಾ?”

“ನಿನ್ನನ್ನೇ” ಎಂದಳು ಕೆನೆಯಮ್ಮ. ಮಗು ಮೂಲೆಯಿಂದ ಮುಖ ತಿರುಗಿಸಲಿಲ್ಲ. ಅದು ನಂಬಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.